ಡೆಟ್ರಾಯಿಟ್ ನಗರದ ಬಿನ್ನಹ

ನಮ್ಮ ಶಾಲೆಗಳ ಚರಿತ್ರೆಯ ಪಾಠಗಳಲ್ಲಿ ಅರಸರ ದಂಡಯಾತ್ರೆಗಳಿಗೂ ಸಂಧಿಪತ್ರಗಳಿಗೂ ದೊರೆಯುವ ಸ್ಥಳವು, ಒಂದು ಪೌರಸಭೆಯು ತನ್ನ ನಿರುದ್ಯೋಗಿಗಳಿಗಾಗಿ ಬರೆದುಕೊಂಡ ಬಿನ್ನಹಕ್ಕೆ ದೊರೆಯುವುದಿಲ್ಲ. ಆದರೂ ಅಂತಹ ಬಿನ್ನಹವೊಂದು ಒಂದು ದೊಡ್ಡ ದೇಶದ ಆಡಳಿತದ ನಡೆಯನ್ನು ಬದಲಿಸಲು ನೆರವಾದುದುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1930ರಿಂದ 1943ರವರೆಗೆ ನಡೆದ ಆ ಸಂಗತಿಯನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇರಿಸಲು ನಾವಿಲ್ಲಿ ಯತ್ನಿಸಿದ್ದೇವೆ.

ಮಿಷಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರವು ಮೋಟಾರು ವಾಹನಗಳ ತವರುಮನೆ. 1930ರ ಜನಗಣತಿಯಂತೆ ಅಲ್ಲಿ 15,68,662 ಜನರಿದ್ದರು. ಹಳ್ಳಿಗಳಿಂದಲೂ, ದಕ್ಷಿಣದ ಸಂಸ್ಥಾನಗಳಿಂದಲೂ, ಕಡಲಾಚೆಯ ದೇಶಗಳಿಂದಲೂ ಕೂಲಿಯನ್ನರಸಿ ಬಂದವರೇ ಅವರಲ್ಲಿ ಬಹುಮಂದಿ. 1929ರಲ್ಲಿ ಇಡೀ ದೇಶದಲ್ಲಿ 53 ಲಕ್ಷದಷ್ಟು ಮೋಟಾರು ವಾಹನಗಳು ತಯಾರಾದವು. ಆ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1932ರಲ್ಲಿ ತಯಾರಾದ ವಾಹನಗಳು 13 ಲಕ್ಷದಷ್ಟು ಮಾತ್ರ. ಒಂದೇ ಉದ್ಯಮವನ್ನು ನಂಬಿದ ಊರಿಗೆ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಕಾರ್ಖಾನೆಯ ಬಾಗಿಲಿನಿಂದ ಹಿಂದಿರುಗಿದವರು ಪೌರಸಭೆಯ ಬಾಗಿಲಿಗೆ ಬಂದು ನಿಂತರು.

1930ರಲ್ಲಿ ಆ ನಗರದ ಮೇಯರ್ ಆಗಿ ಆಯ್ಕೆಯಾದವರು ಫ್ರಾಂಕ್ ಮರ್ಫಿ. ಮೊದಲು ನ್ಯಾಯಾಧೀಶರಾಗಿದ್ದ ಇವರು, ಹಸಿದವನಿಗೆ ಅನ್ನವನ್ನೂ ದುಡಿಯಬಲ್ಲವನಿಗೆ ಕೆಲಸವನ್ನೂ ಒದಗಿಸುವುದು ಆಡಳಿತದ ಕರ್ತವ್ಯವೆಂದು ನಂಬಿದವರು. ಅಧಿಕಾರಕ್ಕೆ ಬಂದೊಡನೆ ನಿರುದ್ಯೋಗ ಸಮಿತಿಯೊಂದನ್ನು ನೇಮಿಸಿದರು. ನಿಂತುಹೋದ ಕಾರ್ಖಾನೆಯ ಕಟ್ಟಡವನ್ನು ಮನೆಯಿಲ್ಲದವರ ವಸತಿಗೃಹವನ್ನಾಗಿ ಮಾಡಿಸಿದರು. ಖಾಲಿ ನಿವೇಶನಗಳಲ್ಲಿ ಕಾಯಿಪಲ್ಯ ಬೆಳೆದುಕೊಳ್ಳಲು ಬಡ ಸಂಸಾರಗಳಿಗೆ ಅವಕಾಶ ಕೊಟ್ಟರು. ನಗರದ ಬೊಕ್ಕಸದಿಂದ ಸಾವಿರಾರು ಕುಟುಂಬಗಳಿಗೆ ಸಹಾಯಧನ ಸಲ್ಲುತ್ತಿತ್ತು.

ಆದರೆ ಆ ಬೊಕ್ಕಸ ಎಷ್ಟು ದಿನ ತಾಳೀತು? ಪೌರಸಭೆಯ ಮುಖ್ಯ ವರಮಾನ ಮನೆ ಮತ್ತು ನಿವೇಶನಗಳ ಮೇಲಿನ ತೆರಿಗೆ. ಕೂಲಿಯಿಲ್ಲದವನು ತೆರಿಗೆಯನ್ನು ಎಲ್ಲಿಂದ ತಂದಾನು? ಬಾಕಿ ಬೆಳೆಯಿತು. ಸಾಲ ಕೊಡಬೇಕಾದ ಬ್ಯಾಂಕುಗಳವರು, ಮೊದಲು ಸಹಾಯಧನದ ವೆಚ್ಚವನ್ನು ಕಡಿಮೆ ಮಾಡಿರೆಂದು ಹಟ ಹಿಡಿದರು. ಸಹಾಯ ಪಡೆಯುವವರ ಪಟ್ಟಿಯಿಂದ ಅನೇಕ ಕುಟುಂಬಗಳ ಹೆಸರನ್ನು ತೆಗೆದುಹಾಕಬೇಕಾಯಿತು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಫೋರ್ಡ್ ಕಂಪೆನಿಯ ಮಹಾ ಕಾರ್ಖಾನೆಗಳು ಡೆಟ್ರಾಯಿಟಿನ ಗಡಿಯ ಹೊರಗೆ, ಡಿಯರ್‌ಬಾರ್ನ್ ಮತ್ತು ಹೈಲೆಂಡ್ ಪಾರ್ಕ್ ಎಂಬ ಪ್ರತ್ಯೇಕ ಊರುಗಳಲ್ಲಿದ್ದವು. ಅವುಗಳ ತೆರಿಗೆ ಡೆಟ್ರಾಯಿಟಿಗೆ ಸಲ್ಲುತ್ತಿರಲಿಲ್ಲ. ಅಲ್ಲಿ ಕೆಲಸ ಕಳೆದುಕೊಂಡವರಲ್ಲಿ ಅನೇಕರು ಮಾತ್ರ ಡೆಟ್ರಾಯಿಟಿನಲ್ಲಿ ವಾಸಿಸುತ್ತಿದ್ದರು. ನಕಾಶೆಯ ಮೇಲಿನ ಒಂದು ಗೆರೆಯು ಜನರ ಬದುಕನ್ನು ಹೇಗೆ ಇಬ್ಭಾಗಿಸುತ್ತದೆಂಬುದನ್ನು ಗಡಿನಾಡಿನವರಾದ ನಾವು ಬಲ್ಲೆವು. 1932ರ ಮಾರ್ಚ್ 7ರಂದು ಸಾವಿರಾರು ನಿರುದ್ಯೋಗಿಗಳು ಕೆಲಸ ಬೇಡುತ್ತ ಡಿಯರ್‌ಬಾರ್ನಿನ ಕಾರ್ಖಾನೆಯತ್ತ ಮೆರವಣಿಗೆ ಹೊರಟರು. ಅಲ್ಲಿನ ಪೋಲೀಸರೂ ಕಂಪೆನಿಯ ಕಾವಲುಗಾರರೂ ಗುಂಡು ಹಾರಿಸಿದರು. ನಾಲ್ವರು ಸತ್ತರು; ಗಾಯಗೊಂಡ ಐದನೆಯವನು ತರುವಾಯ ಅಸುನೀಗಿದನು.

ಹಾಗಾದರೆ ವಾಷಿಂಗ್ಟನ್ನಿನ ಕೇಂದ್ರ ಸರಕಾರವು ಏನು ಮಾಡುತ್ತಿತ್ತು? ಬಡವರ ಪೋಷಣೆ ಊರಿನವರ ಹೊಣೆ, ಧರ್ಮಸಂಸ್ಥೆಗಳ ಹೊಣೆ, ಹೆಚ್ಚೆಂದರೆ ಆಯಾ ಸಂಸ್ಥಾನದ ಹೊಣೆ ಎಂಬುದು ಆ ದೇಶದ ಹಳೆಯ ಸಂಪ್ರದಾಯ. ಅಧ್ಯಕ್ಷ ಹರ್ಬರ್ಟ್ ಹೂವರರು ಅದನ್ನೇ ಹಿಡಿದಿದ್ದರು. ಇತ್ತ ನಗರಗಳೋ ಕಾನೂನಿನ ದೃಷ್ಟಿಯಲ್ಲಿ ಸಂಸ್ಥಾನಗಳ ಸೃಷ್ಟಿ. ಕೇಂದ್ರದೊಡನೆ ನೇರವಾದ ವ್ಯವಹಾರ ಅವುಗಳಿಗೆ ರೂಢಿಯಲ್ಲಿರಲಿಲ್ಲ. ಕಷ್ಟವನ್ನು ಕಣ್ಣಾರೆ ಕಾಣುವವರ ಕೈಯಲ್ಲಿ ಹಣವಿಲ್ಲ. ಹಣವುಳ್ಳವರಿಗೆ ಕಷ್ಟವು ಕಾಣದು. ಈ ಅಂತರವನ್ನು ದಾಟಲು ಮರ್ಫಿಯವರು ಒಂದು ಹೊಸ ಹೆಜ್ಜೆಯನ್ನಿರಿಸಿದರು.

1932ರ ಜೂನ್ 1ರಂದು ಅವರು ದೇಶದ ದೊಡ್ಡ ನಗರಗಳ ಮೇಯರುಗಳನ್ನು ಡೆಟ್ರಾಯಿಟಿಗೆ ಕರೆಸಿ ಸಮ್ಮೇಲನ ನಡೆಸಿದರು. ಒಂದೇ ನಗರದ ಕೂಗು ವಾಷಿಂಗ್ಟನ್ನಿಗೆ ಕೇಳಿಸದು, ಎಲ್ಲ ನಗರಗಳೂ ಒಂದಾಗಿ ಕೇಳಬೇಕು ಎಂಬುದೇ ಅವರ ಲೆಕ್ಕ. ಲೋಕೋಪಯೋಗಿ ಕಾಮಗಾರಿಗಳನ್ನು ಕೈಕೊಂಡು ನಿರುದ್ಯೋಗಿಗಳಿಗೆ ಕೆಲಸ ಕೊಡಲು 500 ಕೋಟಿ ಡಾಲರುಗಳನ್ನು ಒದಗಿಸಬೇಕೆಂದು ಸಮ್ಮೇಲನವು ಕೇಂದ್ರವನ್ನು ಕೇಳಿತು. ಅವರು ಕೇಳಿದುದು ಗಂಜಿಯ ಕೇಂದ್ರಗಳನ್ನಲ್ಲ. ರಸ್ತೆ, ಸೇತುವೆ, ಶಾಲೆಗಳ ಕೆಲಸವನ್ನು. ಬರಗಾಲದಲ್ಲಿ ಕೆರೆಯ ಹೂಳೆತ್ತಿಸಿ ಕೂಲಿ ಕೊಡುವ ಪದ್ಧತಿಯನ್ನು ಕೇಳಿಬಲ್ಲ ನಮ್ಮ ಸೀಮೆಯವರಿಗೆ ಇದರ ಮರ್ಮ ತಿಳಿಯದಿರದು.

ಕೇಳಿದಷ್ಟು ದೊರೆಯಲಿಲ್ಲ. ಆದರೆ ಅದೇ ಜುಲೈ 21ರಂದು ಹೂವರರು ಒಂದು ಶಾಸನಕ್ಕೆ ಸಹಿ ಹಾಕಿದರು. ಅದರಲ್ಲಿ ನಿರುದ್ಯೋಗ ಪರಿಹಾರಕ್ಕಾಗಿ 30 ಕೋಟಿ ಡಾಲರುಗಳಿದ್ದವು. ದಾನವಾಗಿ ಅಲ್ಲ, ನೂರಕ್ಕೆ 3ರ ಬಡ್ಡಿಯ ಸಾಲವಾಗಿ. ಡೆಟ್ರಾಯಿಟಿನ ಸಂಕಟ ಇದರಿಂದ ತೀರಲಿಲ್ಲ. 1933ರಲ್ಲಿ ಅದು ಸಾಲದ ಕಂತನ್ನು ತೆರಲಾರದೆ ದಿವಾಳಿಯ ಅಂಚಿಗೆ ಬಂದಿತು. ನೌಕರರಿಗೆ ನಗದಿನ ಬದಲು ಚೀಟಿಗಳನ್ನು ಕೊಟ್ಟಿತು. ಷಿಕಾಗೋ ನಗರದಲ್ಲಿ ಉಪಾಧ್ಯಾಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಪಾಠ ಹೇಳಿ, ಕೊನೆಗೆ ಬ್ಯಾಂಕುಗಳ ಮುಂದೆ ಮೆರವಣಿಗೆ ಹೋದುದೂ ಆ ವರ್ಷವೇ. ಅದೇ ಫೆಬ್ರವರಿಯಲ್ಲಿ ಮೇಯರುಗಳ ಸಮ್ಮೇಲನವು ಸ್ಥಿರವಾದ ಸಂಸ್ಥೆಯಾಯಿತು; ಮರ್ಫಿಯವರೇ ಅದರ ಪ್ರಥಮ ಅಧ್ಯಕ್ಷರು.

ಮಾರ್ಚಿಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರು ಅಧಿಕಾರಕ್ಕೆ ಬಂದ ಮೇಲೆ ಗಾಳಿ ಬದಲಾಯಿತು. ಮೇ ತಿಂಗಳಲ್ಲಿ 50 ಕೋಟಿ ಡಾಲರುಗಳು ಪರಿಹಾರಕ್ಕೆ ಮಂಜೂರಾದವು. ಈ ಸಲ ಸಾಲವಲ್ಲ, ಅನುದಾನ. ಅದರ ಆಡಳಿತವನ್ನು ವಹಿಸಿಕೊಂಡ ಹ್ಯಾರಿ ಹಾಪ್ಕಿನ್ಸರು, ದುಡಿಯಬಲ್ಲವನಿಗೆ ಸಹಾಯಧನಕ್ಕಿಂತ ಕೂಲಿಯೇ ಮೇಲೆಂದು ತಿಳಿದಿದ್ದರು. ನವೆಂಬರಿನಲ್ಲಿ ಅವರು ನಾಗರಿಕ ಕಾಮಗಾರಿ ಸಂಸ್ಥೆಯನ್ನು ತೆರೆದರು. 1934ರ ಜನವರಿಯ ಹೊತ್ತಿಗೆ 40 ಲಕ್ಷಕ್ಕೂ ಮಿಕ್ಕಿದ ಜನ ಅದರಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಸುಮಾರು ಅರ್ಧ ಮಂದಿಯನ್ನು ಸಹಾಯ ಪಡೆಯುವವರ ಪಟ್ಟಿಯಿಂದ ಆರಿಸಲಾಗಿತ್ತು; ಉಳಿದವರನ್ನು ಅವರ ಬಡತನದ ವಿಚಾರಣೆ ನಡೆಸದೆಯೇ ತೆಗೆದುಕೊಂಡರು. ಮನೆಯ ಪಾತ್ರೆಪಡಗಗಳನ್ನು ಅಧಿಕಾರಿಗೆ ತೋರಿಸದೆ ಕೆಲಸ ದೊರೆತುದು ಮಾನವಂತರಿಗೆ ಎಂತಹ ನೆಮ್ಮದಿ! ಸುಮಾರು 40 ಸಾವಿರ ಶಾಲೆಗಳು ಕಟ್ಟಲ್ಪಟ್ಟವು ಇಲ್ಲವೆ ದುರಸ್ತಿಯಾದವು. ಸುಮಾರು 50 ಸಾವಿರ ಉಪಾಧ್ಯಾಯರಿಗೂ ಕೆಲಸ ದೊರೆಯಿತು. ಆದರೆ ವೆಚ್ಚಕ್ಕೆ ಬೆದರಿ ಸರಕಾರವು ಮಾರ್ಚ್ ಮುಗಿಯುವುದರೊಳಗೆ ಅದನ್ನು ಮುಚ್ಚಿತು.

1935ರಲ್ಲಿ ಇನ್ನೂ ದೊಡ್ಡದಾದ ಕಾಮಗಾರಿ ಸಂಸ್ಥೆಯೊಂದು ಹುಟ್ಟಿತು. ಡಬ್ಲ್ಯು. ಪಿ. ಎ. ಎಂಬ ಮೂರು ಅಕ್ಷರಗಳಿಂದ ಅದು ಪ್ರಸಿದ್ಧ. ಇದರ ಲಾಭವನ್ನು ಎಲ್ಲರಿಗಿಂತ ಹೆಚ್ಚು ಪಡೆದವರು ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ. ಇವರ ಗುಟ್ಟು ಸರಳವಾದುದು. ಹಣ ಬಂದ ಮೇಲೆ ಯೋಜನೆ ಹಾಕುವವರು ಅನೇಕರು. ಇವರಾದರೋ ನಕಾಶೆಗಳನ್ನೂ ಅಂದಾಜು ಪಟ್ಟಿಗಳನ್ನೂ ಸಿದ್ಧಮಾಡಿಕೊಂಡೇ ಪದೇ ಪದೇ ವಾಷಿಂಗ್ಟನ್ನಿಗೆ ಹೋಗುತ್ತಿದ್ದರು. ಆ ಒಂದು ನಗರವನ್ನೇ ಪ್ರತ್ಯೇಕ ಸಂಸ್ಥಾನದಂತೆ ಪರಿಗಣಿಸಿ, ಕೇಂದ್ರವು ಅಲ್ಲಿ ಬೇರೆಯೇ ಕಚೇರಿಯನ್ನಿರಿಸಿತು. 1936ರ ಬೇಸಗೆಯೊಂದರಲ್ಲೇ ಬಡವರ ಕೇರಿಗಳ ನಡುವೆ 11 ಈಜುಕೊಳಗಳು ತೆರೆದವು. 1939ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಆ ಮೇಯರರ ಹೆಸರೇ ನಿಂತಿದೆ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ಚರಿತ್ರೆಯ ಧರ್ಮ. ಡಬ್ಲ್ಯು. ಪಿ. ಎ.ಯಲ್ಲಿ ಸಾಮಾನ್ಯವಾಗಿ ಮನೆಗೊಬ್ಬರಿಗೆ ಮಾತ್ರ ಕೆಲಸ. ಆದುದರಿಂದ ಅನೇಕ ಹೆಂಗಸರು ಹೊರಗುಳಿದರು. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಜನರಿಗೆ ಕಡಿಮೆ ಕೂಲಿಯ ಕೆಲಸವೇ ಗತಿ. ವರ್ಷವರ್ಷವೂ ಶಾಸನಸಭೆಯ ಮರ್ಜಿಯನ್ನು ಕಾಯಬೇಕಾಗಿತ್ತು. 18 ತಿಂಗಳು ಎಡೆಬಿಡದೆ ದುಡಿದವನನ್ನು ಬಿಡಿಸಬೇಕೆಂದು 1939ರಲ್ಲಿ ನಿಯಮವಾಯಿತು. ಹೊರಗೆ ಬೇರೆ ಕೆಲಸ ಉಂಟೋ ಇಲ್ಲವೋ ಎಂಬುದನ್ನು ಆ ನಿಯಮ ಕೇಳಲಿಲ್ಲ. ಮಹಾಯುದ್ಧದ ಕಾರ್ಖಾನೆಗಳು ಕೈಬೀಸಿ ಕರೆದಾಗ ನಿರುದ್ಯೋಗ ಕರಗಿತು. 1943ರಲ್ಲಿ ಸಂಸ್ಥೆ ಮುಚ್ಚಿತು. ಅಷ್ಟರಲ್ಲಿ ಒಟ್ಟು 85 ಲಕ್ಷದಷ್ಟು ಜನ ಅದರಲ್ಲಿ ದುಡಿದಿದ್ದರು.

ಮರ್ಫಿಯವರು ಮುಂದೆ ಮಿಷಿಗನ್ನಿನ ರಾಜ್ಯಪಾಲರಾಗಿ, 1940ರಿಂದ 1949ರಲ್ಲಿ ತೀರಿಕೊಳ್ಳುವವರೆಗೆ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದರು. ಆದರೆ ನಮ್ಮ ಮಟ್ಟಿಗೆ ಅವರ ಹಿರಿಮೆಯು ಆ 1932ರ ಬಿನ್ನಹದಲ್ಲಿದೆ. ಕೆಲಸವಿಲ್ಲದವನು ತನ್ನ ಸೋಮಾರಿತನದಿಂದ ಕೆಟ್ಟವನೆಂಬ ಮಾತು ಆಗ ದೊಡ್ಡವರ ಬಾಯಲ್ಲಿತ್ತು. ದೇಶವನ್ನೇ ಕವಿದ ವಿಪತ್ತಿಗೆ ದೇಶವೇ ಹೊಣೆ, ಊರೊಂದೇ ಅಲ್ಲ ಎಂದು ನಗರಗಳು ಒಕ್ಕೊರಲಿನಿಂದ ಹೇಳಿದವು. ಸಣ್ಣ ಆಡಳಿತಕ್ಕೆ ದೊಡ್ಡ ಬೊಕ್ಕಸವಿಲ್ಲದಿರಬಹುದು. ತನ್ನ ಬಾಗಿಲಲ್ಲಿ ನಿಂತವರ ಲೆಕ್ಕವನ್ನು ಬರೆದು, ಮಾಡಬೇಕಾದ ಕೆಲಸದ ಪಟ್ಟಿಯನ್ನು ಜೊತೆಗಿರಿಸಿ, ನೆರೆಯ ಊರುಗಳೊಡನೆ ಕೂಡಿ ಕೇಳುವುದು ಅದರ ಕೈಯಲ್ಲೇ ಇದೆ.