ಪಾಠ ಬಂದಿತು, ಪ್ರಶ್ನೆ ತಲುಪಿತೇ?



ಮನೆಯಲ್ಲೇ ಕುಳಿತು ಕಾಲೇಜಿನ ಪಾಠ ಕೇಳುವುದು ನಮ್ಮಲ್ಲಿ ವ್ಯಾಪಕವಾದದ್ದು 2020ರ ಸಾಂಕ್ರಾಮಿಕದ ಕಾಲದಲ್ಲಿ. ಸಕಲೇಶಪುರ, ಆಲೂರು ಗುಡ್ಡಗಳಂಥ ಕಡೆ ಇದು ಸುಲಭದ ಮಾತಲ್ಲ. ಗುಡ್ಡ ಅಡ್ಡವಾದರೆ ಮೊಬೈಲ್ ಗೋಪುರದ ಸಂಕೇತ ಕಣಿವೆಯ ಮನೆಗೆ ತಲುಪದು. ಆದರೆ ದೂರದಿಂದ ಕಲಿಸುವ ಪ್ರಯತ್ನಕ್ಕೆ ಇದಕ್ಕಿಂತ 45 ವರ್ಷ ಹಿಂದಿನ ಚರಿತ್ರೆಯಿದೆ.

1975ರ ಆಗಸ್ಟ್ 1ರಂದು 'ಸೈಟ್' ಪ್ರಯೋಗ ಆರಂಭವಾಯಿತು. ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮಗಳು ಪ್ರಸಾರವಾದವು. ನಮ್ಮ ರಾಜ್ಯದಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಇದರಲ್ಲಿದ್ದವು. ಆ ಅಕ್ಟೋಬರಿನಲ್ಲಿ ದೇಶದ ಸುಮಾರು 24,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯಲ್ಲಿ 12 ದಿನಗಳ ತರಬೇತಿ ದೊರೆಯಿತು. ಅಲ್ಲಿ ದೂರದರ್ಶನವೊಂದೇ ಇರಲಿಲ್ಲ. ರೇಡಿಯೋ, ಮುದ್ರಿತ ಕೈಪಿಡಿ, ಕೈಯಾರೆ ಮಾಡುವ ಪ್ರಯೋಗ, ಒಟ್ಟಿಗೆ ಕುಳಿತು ಚರ್ಚೆ ಎಲ್ಲವೂ ಇದ್ದವು. ಪರದೆಯ ಪಾಠ ಮುಗಿದ ಮೇಲೆಯೇ ನಿಜವಾದ ಕಲಿಕೆ ನಡೆಯುತ್ತಿತ್ತು.

1982ರಲ್ಲಿ ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಕೆಲಸ ಆರಂಭಿಸಿತು. 1984ರ ಆಗಸ್ಟ್ 15ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು ಇನ್ಸಾಟ್-1ಬಿ ಮೂಲಕ ಕಾಲೇಜುಗಳಿಗೆ ಬರತೊಡಗಿದವು. ಉಪಗ್ರಹವನ್ನು ನಡೆಸುವ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದ್ದರೂ, ಪಾಠ ಬಹುಪಾಲು ಇಂಗ್ಲಿಷಿನಲ್ಲಿತ್ತು. ಕೇಳುಗನಿಗೆ ಸಂದೇಹ ಬಂದರೆ ಕೂಡಲೇ ಕೇಳುವ ದಾರಿಯಿರಲಿಲ್ಲ.

ಆ ದಾರಿಯನ್ನು ತೆರೆಯಲೆಂದೇ 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಹಾರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದರ ಪ್ರಾಯೋಗಿಕ ಬಳಕೆದಾರರಲ್ಲಿ ಒಂದು. ದೂರದ ಕಾಲೇಜಿನ ವಿದ್ಯಾರ್ಥಿ ಇದರಲ್ಲಿ ಪ್ರಶ್ನೆ ಕೇಳಬಹುದಾಗಿತ್ತು. ಎಜುಸ್ಯಾಟ್ ಸೇವೆ 2010ರಲ್ಲಿ ಕೊನೆಗೊಂಡಿತು. ಅದು ಪ್ರಾದೇಶಿಕ ಪ್ರಸಾರಕ್ಕೆ ಬಳಸಿದ ಕೆಯು ಪಟ್ಟಿಯ ತರಂಗಗಳಿಗೆ ಒಂದು ಮಿತಿಯಿದೆ: ಜೋರು ಮಳೆಯ ಹನಿಗಳು ಅವುಗಳನ್ನು ಹೀರಿ, ಚದುರಿಸುತ್ತವೆ. ಮಲೆನಾಡಿನ ಆಷಾಢದಲ್ಲಿ ಇದು ಸಣ್ಣ ತೊಡಕಲ್ಲ.

2017ರಲ್ಲಿ 'ಸ್ವಯಂ' ಅಂತರ್ಜಾಲ ವೇದಿಕೆ ಬಂದಿತು. ಅದರ ಪ್ರತಿ ಪಠ್ಯಕ್ಕೂ ನಾಲ್ಕು ಅಂಗಗಳು: ವಿಡಿಯೋ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆ. 2018ರಲ್ಲಿ ಇದೇ ವೇದಿಕೆಯಲ್ಲಿ ಕಾಲೇಜು ಅಧ್ಯಾಪಕರಿಗೂ 'ಅರ್ಪಿತ್' ಎಂಬ ಪುನಶ್ಚೇತನ ಶಿಕ್ಷಣ ಆರಂಭವಾಯಿತು. ಕಲಿಸುವವರೂ ಕಲಿಯಬೇಕೆಂಬ 1975ರ ತಿಳಿವು ಮತ್ತೆ ಮರಳಿತು.

ಈ ಚರಿತ್ರೆ ಹೇಳುವುದಿಷ್ಟೇ: ಯಂತ್ರ ಬದಲಾದ ಮಾತ್ರಕ್ಕೆ ಪಾಠ ಉತ್ತಮವಾಗದು. ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಚಿತ್ರೀಕರಿಸಿದರೆ ಸಂಕೇತ ಕ್ಷೀಣವಾದ ಊರಿನಲ್ಲಿ ಅದು ತೆರೆಯುವುದೇ ಇಲ್ಲ. ಅದನ್ನೇ ಹತ್ತು ನಿಮಿಷದ ತುಣುಕುಗಳಾಗಿ ಮಾಡಿ, ಧ್ವನಿಯನ್ನು ಬೇರೆಯಾಗಿಯೂ ಕೊಟ್ಟು, ಕನ್ನಡದಲ್ಲಿ ಎರಡು ಪುಟ ಟಿಪ್ಪಣಿ ಸೇರಿಸಿದರೆ ಸಂಕೇತ ಸಿಕ್ಕಾಗ ಇಳಿಸಿಕೊಂಡು ಆಮೇಲೆ ಓದಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಗುಡ್ಡದಾಚೆಯ ವಿದ್ಯಾರ್ಥಿಯ ಪ್ರಶ್ನೆ ಅಧ್ಯಾಪಕರನ್ನು ಮುಟ್ಟಬೇಕು, ಉತ್ತರ ಅವನಿಗೆ ಮರಳಬೇಕು. ಅಲ್ಲಿಯವರೆಗೆ ನಡೆಯುವುದು ಪ್ರಸಾರ. ಬೋಧನೆ ಅಲ್ಲಿಂದ ಆರಂಭ.