ಕಟ್ಟೆಯ ಮೇಲಿನ ಶಾಲೆ: ಮಹಾಲಿಂಗಪುರ ಸೀಮೆಯಿಂದ ವಿದ್ಯಾಗಮದ ಒಂದು ಓದು

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಮಳೆಗಾಲ ಬಂದರೂ ತೆರೆಯಲಿಲ್ಲ. ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ‘ವಿದ್ಯಾಗಮ’ವನ್ನು ಆರಂಭಿಸಿತು. ಶಿಕ್ಷಕರು ಓಣಿ ಓಣಿಗೆ ಹೋಗಿ ಗುಡಿಯ ಅಂಗಳ, ಸಮುದಾಯ ಭವನ, ಮರದ ಕಟ್ಟೆಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಬೇಕಿತ್ತು. ಇದನ್ನು ಆನ್‌ಲೈನ್ ಪಾಠಕ್ಕೆ ಸಿಕ್ಕ ಬದಲಿ ವ್ಯವಸ್ಥೆ ಎಂದಷ್ಟೇ ನೋಡಿದರೆ ಅರ್ಧ ಸಂಗತಿ ಕೈತಪ್ಪುತ್ತದೆ. ಸರ್ಕಾರ ಶಿಕ್ಷಕರನ್ನು ಕಳಿಸಿತು. ಪಾಠಕ್ಕೆ ನೆಲ ಕೊಟ್ಟದ್ದು ಊರು. ಈ ಕೊಡುಕೊಳ್ಳುವಿಕೆಯಲ್ಲಿ ಯಾರ ಪಾಲಿಗೆ ಎಷ್ಟು ಭಾರ ಬಿತ್ತು ಎಂಬುದೇ ಈ ಲೇಖನದ ಪ್ರಶ್ನೆ.

ಉತ್ತರ ಕರ್ನಾಟಕದ ಮಹಾಲಿಂಗಪುರ, ರಬಕವಿ-ಬನಹಟ್ಟಿ, ಮುಧೋಳ, ಜಮಖಂಡಿಗಳದು ಮಗ್ಗ, ಕಬ್ಬು, ಬೆಲ್ಲದ ಬದುಕು. ನೇಕಾರರ ಮನೆಯಲ್ಲಿ ಮಗ್ಗ ಕೂತ ಜಾಗವೇ ಮನೆಯ ಬಹುಪಾಲು. ಅಲ್ಲಿ ಕಂಡಿಕೆ ಸುತ್ತುವುದಕ್ಕೆ ಮಕ್ಕಳ ಕೈಯೂ ಬೇಕು. ಇಂಥ ಮನೆಯಲ್ಲಿ ಇರುವ ಒಂದೇ ಮೊಬೈಲು ದುಡಿಯುವವರ ಜೇಬಿನಲ್ಲಿರುವಾಗ ಪಾಠ ಮಕ್ಕಳನ್ನು ತಲುಪುವುದು ಹೇಗೆ? ಲಾಕ್‌ಡೌನ್‌ನಲ್ಲಿ ಮಗ್ಗ ನಿಂತದ್ದು ಕೂಲಿ ನಿಂತ ಹಾಗೆಯೇ. ಅದಕ್ಕೂ ಮುಂಚೆ, 2019ರ ಆಗಸ್ಟ್‌ನಲ್ಲಿ, ಕೃಷ್ಣಾ-ಘಟಪ್ರಭಾ ಪ್ರವಾಹ ಈ ಸೀಮೆಯ ಹಳ್ಳಿಗಳನ್ನು ನುಗ್ಗುಮಾಡಿತ್ತು. ವರ್ಷದೊಳಗೆ ಎರಡನೆಯ ಪೆಟ್ಟು ತಿಂದ ಊರುಗಳಿಂದಲೇ ಪಾಠಕ್ಕೆ ನೆಲ ಕೊಡುವ ನೆರವನ್ನು ಬಯಸಲಾಯಿತು.

ಊರ ಕಟ್ಟೆಗೆ ಶಾಲೆ ಬರಲು ಇಲ್ಲಿ ದೊಡ್ಡ ಮನವೊಲಿಕೆ ಬೇಕಿರಲಿಲ್ಲ ಎಂಬುದು ನನ್ನ ಅನಿಸಿಕೆ. ಭಜನೆ, ಬಯಲಾಟ, ನ್ಯಾಯ ಪಂಚಾಯ್ತಿ ಎಲ್ಲಕ್ಕೂ ಅದೇ ಜಾಗ. ಬಿತ್ತನೆ, ಕಳೆ, ಸುಗ್ಗಿಗೆ ಮುಯ್ಯಾಳು ಪದ್ಧತಿಯೂ ಉತ್ತರ ಕರ್ನಾಟಕದ ರೈತರಿಗೆ ಗೊತ್ತು: ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದರ ಬಲವೆಲ್ಲ ಲೆಕ್ಕದಲ್ಲಿದೆ. ಪಡೆದವರು ತಿರುಗಿ ಕೊಡಲೇಬೇಕು, ಕೊಡದವರ ಹೊಲಕ್ಕೆ ಮುಂದಿನ ಸಲ ಯಾರೂ ಇಳಿಯುವುದಿಲ್ಲ.

ಫಿಲಿಪೈನ್ಸ್‌ನ ‘ಬಯಾನಿಹಾನ್’ ಇದಕ್ಕೆ ಹತ್ತಿರದ ರೂಢಿ. ನೆರೆಯವರು ಹೆಗಲು ಕೊಟ್ಟು ಬಿದಿರಿನ ಮನೆಯನ್ನೇ ಎತ್ತಿ ಬೇರೆಡೆಗೆ ಒಯ್ಯುವ ಚಿತ್ರದಿಂದ ಅದು ಹೆಸರಾಗಿದೆ. ಅಲ್ಲಿ 2003ರಿಂದ ‘ಬ್ರಿಗಾಡಾ ಎಸ್ಕ್ವೆಲಾ’ ಎಂಬ ಕಾರ್ಯಕ್ರಮದಲ್ಲಿ ತರಗತಿಗಳು ಶುರುವಾಗುವ ಮುಂಚೆ ಪಾಲಕರೂ ಊರವರೂ ಶಾಲೆಯನ್ನು ದುರಸ್ತಿ ಮಾಡಿಕೊಡುತ್ತಾರೆ. 2020ರ ಅಕ್ಟೋಬರ್ 5ರಂದು ಮುದ್ರಿತ ಪಾಠಪುಸ್ತಿಕೆಗಳ ಮೂಲಕವೂ ದೂರಶಿಕ್ಷಣ ಆರಂಭವಾದಾಗ ಈ ನಂಟು ನೆರವಿಗೆ ಬಂತು. ನಮ್ಮಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ವರ್ಷವರ್ಷವೂ ಊರೆಲ್ಲ ಕೈಜೋಡಿಸುವ ಅಂಥ ರೂಢಿ ಅವುಗಳ ಸುತ್ತ ಇನ್ನೂ ಗಟ್ಟಿಯಾಗಿ ಬೆಳೆದಿಲ್ಲ.

ವಿದ್ಯಾಗಮದ ಕುಂದು ಕಾಣುವುದು ಮುಯ್ಯಿಯ ಈ ಲೆಕ್ಕದಲ್ಲೇ. ಓಣಿಯಿಂದ ಓಣಿಗೆ ತಿರುಗಿದ ಶಿಕ್ಷಕರು ಸೋಂಕಿಗೆ ಮೈಯೊಡ್ಡಿದರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ, ಶಿಕ್ಷಕರು ತೀರಿಕೊಂಡ ವರದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ಸರ್ಕಾರ ಕಾರ್ಯಕ್ರಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಊರು ಜಾಗ ಕೊಟ್ಟಿತು, ಶಿಕ್ಷಕರು ಜೀವ ಪಣಕ್ಕಿಟ್ಟರು. ಅವರಿಗೆ ಸಲ್ಲಬೇಕಿದ್ದ ರಕ್ಷಣೆ ಸರ್ಕಾರದ ಹೊಣೆಯಾಗಿತ್ತು. ಅದನ್ನು ಊರ ಔದಾರ್ಯದ ಬಾಬ್ತಿಗೆ ಬರೆಯಲಾಗದು. 2021ರ ಜನವರಿ 1ರಂದು 6ರಿಂದ 9ನೇ ತರಗತಿಗಳಿಗೆ ವಿದ್ಯಾಗಮ ಮರಳಿತು, ಈ ಸಲ ಶಾಲೆಯ ಆವರಣದೊಳಗೆ. ಕಟ್ಟೆಯ ಮೇಲೆ ಕಳೆದ ಆ ಎರಡು ತಿಂಗಳ ಚರಿತ್ರೆಯನ್ನು ಬರೆಯುವವರು ಇಲಾಖೆಯ ಸುತ್ತೋಲೆಗಳ ಜೊತೆಗೆ ಶಾಲಾ ಸಮಿತಿಗಳ ನಡಾವಳಿ ಪುಸ್ತಕಗಳನ್ನೂ ತೆರೆಯಬೇಕು. ಗುಡಿಯ ಬೀಗ ತೆಗೆದವರನ್ನು, ಅಂಗಳ ಗುಡಿಸಿದವರನ್ನು, ಕಂಡಿಕೆ ಬಿಡಿಸಿ ಮಗುವನ್ನು ಪಾಠಕ್ಕೆ ಕಳಿಸಿದ ತಾಯಂದಿರನ್ನು ಕೇಳಬೇಕು, ಅವರ ನೆನಪು ಇನ್ನೂ ಹಸಿಯಾಗಿರುವಾಗಲೇ.