ಚೋಮನ ದುಡಿ (ಕಾದಂಬರಿ ಮತ್ತು ಚಲನಚಿತ್ರ)

ಚೋಮನ ದುಡಿ ಕೋಟ ಶಿವರಾಮ ಕಾರಂತರು ಬರೆದ, 1933ರಲ್ಲಿ ಪ್ರಕಟವಾದ ಕನ್ನಡ ಕಾದಂಬರಿ. ಇದನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ಅದೇ ಹೆಸರಿನ ಕಪ್ಪು-ಬಿಳುಪು ಚಲನಚಿತ್ರವು 1975ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಸ್ವರ್ಣಕಮಲವನ್ನು ಪಡೆಯಿತು. ಮಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸ್ವಂತ ಬೇಸಾಯದ ಹಕ್ಕಿಲ್ಲದ ದಲಿತ ಜೀತದಾಳೊಬ್ಬನ ಬದುಕು ಎರಡು ಕೃತಿಗಳ ವಸ್ತು. ಕಾದಂಬರಿಗೂ ಚಿತ್ರಕ್ಕೂ ನಡುವೆ 42 ವರ್ಷಗಳ ಅಂತರವಿದೆ. ಕಥೆ ಬಹುಮಟ್ಟಿಗೆ ಒಂದೇ ಆಗಿದ್ದರೂ ಈ ಅವಧಿಯಲ್ಲಿ ಜಿಲ್ಲೆಯ ಭೂಸಂಬಂಧಗಳು ಬದಲಾದ ಕಾರಣ ಅದರ ಅರ್ಥವೂ ಬದಲಾಯಿತು. ಆದುದರಿಂದ ಕನ್ನಡದಲ್ಲಿ ಕಾದಂಬರಿ ಮತ್ತು ಚಲನಚಿತ್ರಗಳ ತುಲನಾತ್ಮಕ ಅಧ್ಯಯನಕ್ಕೆ ಇದು ಉತ್ತಮ ಉದಾಹರಣೆಯಾಗಿದೆ.

ಕಾದಂಬರಿಕಾರರಿಗೂ ನಿರ್ದೇಶಕರಿಗೂ ಕಾರಂತ ಎಂಬ ಹೆಸರೇ ಇರುವುದರಿಂದ ಈ ಲೇಖನದಲ್ಲಿ ಅವರನ್ನು ಕ್ರಮವಾಗಿ ಶಿವರಾಮ ಕಾರಂತ, ಬಿ. ವಿ. ಕಾರಂತ ಎಂದು ಪೂರ್ಣವಾಗಿ ಹೆಸರಿಸಲಾಗಿದೆ.

ಹಿನ್ನೆಲೆ

ಮಂಗಳೂರಿಗೂ ಕನ್ನಡ ಕಾದಂಬರಿಗೂ ಹಳೆಯ ನಂಟಿದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪರಿಗಣಿಸಲಾಗುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಈ ನಗರದ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ವಿಧವೆಯರ ಸ್ಥಿತಿ, ಸ್ತ್ರೀಶಿಕ್ಷಣ, ಮಠಗಳ ಅಧಿಕಾರ ಮೊದಲಾದವು ಅದರ ವಿಷಯಗಳು. ಸುಧಾರಣೆಯ ಚರ್ಚೆ ಮೇಲ್ಜಾತಿಯ ಮನೆಗಳ ಒಳಗೇ ನಡೆಯುತ್ತಿದ್ದ ಕಾಲವದು. ಮೂರೂವರೆ ದಶಕಗಳ ನಂತರ ಬಂದ ಚೋಮನ ದುಡಿಯು ಆ ಮನೆಗಳ ಅಂಗಳದಾಚೆ ನಿಲ್ಲಬೇಕಾಗಿದ್ದವನನ್ನು ಕಥಾನಾಯಕನನ್ನಾಗಿ ಮಾಡಿತು.

ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವಿದ್ಯಾಭ್ಯಾಸವನ್ನು ತೊರೆದರು. ಮುಂದೆ ಪುತ್ತೂರಿನಲ್ಲಿ ನೆಲೆಸಿ, ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ಪಡೆದ ತಿಳಿವಳಿಕೆಯನ್ನು ಕಾದಂಬರಿಗಳಿಗೆ ತಂದರು. ಅವರಿಗೆ ಚಲನಚಿತ್ರ ಮಾಧ್ಯಮ ಅಪರಿಚಿತವಾಗಿರಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿಯೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಚಿತ್ರಗಳನ್ನು ತಯಾರಿಸಿದ್ದರು.

ಜಿಲ್ಲೆಯಲ್ಲಿ ಅಸ್ಪೃಶ್ಯತೆಯ ಪ್ರಶ್ನೆ ಕಾದಂಬರಿಗಿಂತ ಮೊದಲೇ ಸಾರ್ವಜನಿಕ ಚರ್ಚೆಗೆ ಬಂದಿತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಇಟಲಿಯ ಜೆಸ್ವಿಟ್ ಪಾದ್ರಿಗಳು 1878ರ ಕೊನೆಯಲ್ಲಿ ಬಂದರು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆ, ಇಗರ್ಜಿ, ಕಾಫಿ ತೋಟ ಇವು ಹಳ್ಳಿಯ ಜೀತದ ಹೊರಗೆ ಕಾಣುತ್ತಿದ್ದ ದಾರಿಗಳು. ಕಾದಂಬರಿಯಲ್ಲಿ ಇಗರ್ಜಿ ಮತ್ತು ತೋಟ ಎರಡೂ ಚೋಮನ ಬದುಕನ್ನು ಪ್ರವೇಶಿಸುತ್ತವೆ.

ಚೋಮನ ಆಸೆಯನ್ನು ಅರ್ಥಮಾಡಿಕೊಳ್ಳಲು ಅಂದಿನ ಭೂಹಿಡುವಳಿಯ ಸ್ವರೂಪ ತಿಳಿದಿರಬೇಕು. ಜಮೀನಿನ ಒಡೆಯನಾದ ಧಣಿ, ಅವನಿಂದ ಭೂಮಿಯನ್ನು ಗೇಣಿಗೆ ಪಡೆದು ಬೇಸಾಯ ಮಾಡುವ ಒಕ್ಕಲು, ಇವರ ಕೆಳಗೆ ತಲೆಮಾರುಗಳಿಂದ ದುಡಿಯುವ ಮೂಲದಾಳು ಎಂಬ ಮೂರು ಮೆಟ್ಟಿಲುಗಳಿದ್ದವು. ಗೇಣಿಯಲ್ಲಿಯೂ ಶಾಶ್ವತ ಹಕ್ಕಿನ ಮೂಲಗೇಣಿ, ಧಣಿಯ ಇಚ್ಛೆ ಇರುವವರೆಗೆ ನಡೆಯುವ ಚಾಲಗೇಣಿ ಎಂಬ ಭೇದವಿತ್ತು. ಚೋಮ ಬಯಸುವುದು ಧಣಿಯಾಗುವುದನ್ನಲ್ಲ, ಒಕ್ಕಲಾಗುವುದನ್ನು ಮಾತ್ರ. ಒಂದು ಮೆಟ್ಟಿಲು ಮೇಲೇರುವ ಈ ಸಣ್ಣ ಬಯಕೆಗೂ ಅವನ ಜಾತಿ ಅಡ್ಡಬರುತ್ತದೆ.

ಕಥಾವಸ್ತು

ಚೋಮನು ಸಂಕಪ್ಪಯ್ಯ ಎಂಬ ಜಮೀನುದಾರನ ಆಳು. ಅವನಿಗೆ ನಾಲ್ವರು ಗಂಡುಮಕ್ಕಳು, ಬೆಳ್ಳಿ ಎಂಬ ಒಬ್ಬಳು ಮಗಳು. ಕಾಡಿನಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಎರಡು ಎತ್ತುಗಳನ್ನು ತಂದು ಸಾಕಿಕೊಂಡಿದ್ದಾನೆ. ಉಳುವ ಎತ್ತುಗಳಿವೆ, ಉಳಲು ನೆಲವಿಲ್ಲ. ಸಿಟ್ಟು, ಸಂತೋಷ, ಹಸಿವು ಏನೇ ಇದ್ದರೂ ಅವನು ಕೈಗೆತ್ತಿಕೊಳ್ಳುವುದು ದುಡಿಯನ್ನು.

ತೀರದ ಸಾಲಕ್ಕಾಗಿ ಹಿರಿಯ ಮಕ್ಕಳಾದ ಚನಿಯ ಮತ್ತು ಗುರುವ ದೂರದ ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ. ಚನಿಯ ರೋಗಕ್ಕೆ ಬಲಿಯಾಗುತ್ತಾನೆ. ಗುರುವ ಕ್ರೈಸ್ತ ಹುಡುಗಿಯೊಬ್ಬಳನ್ನು ಮದುವೆಯಾಗಿ ಮತಾಂತರಗೊಳ್ಳುತ್ತಾನೆ. ಆಮೇಲೆ ತೋಟಕ್ಕೆ ಹೋಗುವ ಸರದಿ ಬೆಳ್ಳಿಯದು. ಅಲ್ಲಿನ ರೈಟರ್ ಮನ್ವೇಲನ ಕಡೆಗೆ ಅವಳ ಮನಸ್ಸು ವಾಲುತ್ತದೆ. ತೋಟದ ಧಣಿ ಅವಳ ಮೇಲೆ ಅತ್ಯಾಚಾರವೆಸಗಿ ಚೋಮನ ಸಾಲವನ್ನು ಮನ್ನಾ ಮಾಡುತ್ತಾನೆ. ಚಿಕ್ಕ ಮಕ್ಕಳಲ್ಲಿ ಒಬ್ಬನು ಹೊಳೆಯಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯವನೆಂಬ ಕಾರಣಕ್ಕೆ ಅವನನ್ನು ಯಾರೂ ಎತ್ತುವುದಿಲ್ಲ.

ಮತಾಂತರಗೊಂಡರೆ ಬೇಸಾಯಕ್ಕೆ ಭೂಮಿ ಸಿಗುತ್ತದೆಂಬ ಆಸೆಯಿಂದ ಚೋಮ ಪಾದ್ರಿಯ ಬಳಿಗೆ ಹೊರಡುತ್ತಾನೆ. ಆದರೆ ತಾನು ನಂಬಿಕೊಂಡು ಬಂದ ದೈವದ ಭಯಭಕ್ತಿ ಅವನನ್ನು ದಾರಿಯಿಂದಲೇ ಹಿಂದಿರುಗಿಸುತ್ತದೆ. ಗುಡಿಸಲಿಗೆ ಮರಳಿದಾಗ ಬೆಳ್ಳಿಯನ್ನು ಮನ್ವೇಲನೊಂದಿಗೆ ಕಂಡು ಕೆರಳಿ ಅವಳನ್ನು ಹೊರಗಟ್ಟುತ್ತಾನೆ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಮುಚ್ಚಿಕೊಂಡು, ಪ್ರಾಣ ಹೋಗುವವರೆಗೆ ದುಡಿ ಬಾರಿಸುತ್ತಾನೆ.

ಚಲನಚಿತ್ರ

ಬಿ. ವಿ. ಕಾರಂತರು (1929–2002) ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದವರು. ಬಾಲ್ಯದಲ್ಲಿಯೇ ಗುಬ್ಬಿ ನಾಟಕ ಕಂಪನಿಯನ್ನು ಸೇರಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದರು. ಗಿರೀಶ ಕಾರ್ನಾಡರೊಂದಿಗೆ ಸೇರಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು 1971ರಲ್ಲಿ ತೆರೆಗೆ ತಂದಿದ್ದರು. ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಚಿತ್ರಗಳಲ್ಲಿ ಚೋಮನ ದುಡಿ ಅತ್ಯಂತ ಪ್ರಸಿದ್ಧವಾದುದು.

ಪ್ರಜಾ ಫಿಲ್ಮ್ಸ್ ಸಂಸ್ಥೆಗಾಗಿ ತಯಾರಾದ ಈ ಚಿತ್ರಕ್ಕೆ ಶಿವರಾಮ ಕಾರಂತರೇ ಚಿತ್ರಕಥೆಯನ್ನು ಒದಗಿಸಿದರು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ನಿರ್ದೇಶಕರದೇ. ಗಿರೀಶ ಕಾಸರವಳ್ಳಿಯವರು ಸಹಾಯಕ ನಿರ್ದೇಶಕರಾಗಿ ದುಡಿದರು. ಚೋಮನ ಪಾತ್ರವನ್ನು ಎಂ. ವಿ. ವಾಸುದೇವರಾಯರು, ಬೆಳ್ಳಿಯ ಪಾತ್ರವನ್ನು ಪದ್ಮಾ ಕುಮಟಾ ವಹಿಸಿದರು. ಜಯರಾಜನ್, ಸುಂದರರಾಜ್, ಹೊನ್ನಯ್ಯ, ಗೋವಿಂದ ಭಟ್ ಮೊದಲಾದವರು ಇತರ ಪಾತ್ರಗಳಲ್ಲಿದ್ದಾರೆ.

ಸ್ವರ್ಣಕಮಲದ ಜೊತೆಗೆ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಶಿವರಾಮ ಕಾರಂತರಿಗೆ ಅತ್ಯುತ್ತಮ ಕಥೆಗಾಗಿ ಪ್ರಶಸ್ತಿಯೂ ದೊರೆತವು. ‘ಸಂಸ್ಕಾರ’ದ (1970) ನಂತರ ಸ್ವರ್ಣಕಮಲ ಪಡೆದ ಎರಡನೆಯ ಕನ್ನಡ ಚಿತ್ರವಿದು. ಮೂರನೆಯದು ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಮೂರೂ ಕನ್ನಡ ಸಾಹಿತ್ಯಕೃತಿಗಳನ್ನು ಆಧರಿಸಿದವು ಎಂಬುದು ಆ ಕಾಲದ ಹೊಸ ಅಲೆಯ ಸ್ವಭಾವವನ್ನು ಸೂಚಿಸುತ್ತದೆ. ಮುಂದೆ ಮೃಣಾಲ್ ಸೇನ್ ಅವರು ಪ್ರೇಮಚಂದರ ‘ಕಫನ್’ ಕಥೆಯನ್ನು ತೆಲುಗಿನಲ್ಲಿ ‘ಒಕ ಊರಿ ಕಥ’ (1977) ಎಂಬ ಚಿತ್ರವಾಗಿಸಿದಾಗ ವಾಸುದೇವರಾಯರು ಅದರಲ್ಲಿ ಪ್ರಧಾನ ಪಾತ್ರ ವಹಿಸಿದರು. ದುಡಿತವನ್ನೇ ನಿರಾಕರಿಸುವ ಆ ಪಾತ್ರ ಚೋಮನಿಗೆ ತೀರ ವಿರುದ್ಧವಾದುದು.

ಕಾದಂಬರಿ ಮತ್ತು ಚಿತ್ರ: ತುಲನೆ

ನಿರೂಪಕನ ಸ್ಥಾನ

ಎರಡು ಕೃತಿಗಳ ನಡುವಿನ ಮುಖ್ಯ ವ್ಯತ್ಯಾಸ ಘಟನೆಗಳಲ್ಲಿಲ್ಲ, ಅವನ್ನು ಹೇಳುವವನಲ್ಲಿದೆ. ಕಾದಂಬರಿಯನ್ನು ಹೇಳುವ ನಿರೂಪಕನಿಗೆ ಚೋಮನಿಗಿಂತ ಹೆಚ್ಚು ತಿಳಿದಿದೆ. ಅವನು ಚೋಮನ ಮನಸ್ಸಿನೊಳಗೆ ಹೋಗಿಬರುತ್ತಾನೆ, ಅವನ ಪರವಾಗಿ ಮರುಗುತ್ತಾನೆ, ಕೆಲವೊಮ್ಮೆ ವಾದಿಸುತ್ತಾನೆ. ಓದುಗನಿಗೆ ದಾರಿ ತೋರುವ ಒಂದು ಕೈ ಸದಾ ಜೊತೆಗಿರುತ್ತದೆ. ಚಿತ್ರದಲ್ಲಿ ಆ ಕೈ ಇಲ್ಲ. ಮಾತು ಕಡಿಮೆಯಾದಷ್ಟೂ ವಾಸುದೇವರಾಯರ ಮುಖ ಮತ್ತು ಮೈಕಟ್ಟಿನ ಮೇಲೆ ಹೊರೆ ಬೀಳುತ್ತದೆ. ಹೀಗಾಗಿ ಪುಟದ ಮೇಲೆ ಕರುಣೆಗೆ ಪಾತ್ರನಾಗಿ ತೋರುವ ಚೋಮನು ಪರದೆಯ ಮೇಲೆ ಹೆಚ್ಚು ಹಟಮಾರಿಯಾಗಿ, ಸುಲಭವಾಗಿ ಅರ್ಥಕ್ಕೆ ನಿಲುಕದವನಾಗಿ ಕಾಣುತ್ತಾನೆ. ಇದನ್ನು ಚಿತ್ರದ ಗಳಿಕೆಯೆಂದೇ ಪರಿಗಣಿಸಬೇಕು. ಬೆಳ್ಳಿಯ ವಿಷಯದಲ್ಲಿ ಮಾತ್ರ ಕಾದಂಬರಿಯ ಅನುಕೂಲ ದೊಡ್ಡದು. ಮನೆಯ ಸಾಲ, ತಂದೆಯ ಮೇಲಿನ ಮಮತೆ, ಮನ್ವೇಲನ ಸೆಳೆತ, ತೋಟದಲ್ಲಾದ ಅವಮಾನ ಇವೆಲ್ಲ ಅವಳೊಳಗೆ ಒಟ್ಟಿಗೆ ಇರುವುದನ್ನು ಗದ್ಯ ನಿಧಾನವಾಗಿ ಬಿಡಿಸಿ ಹೇಳಬಲ್ಲದು.

ದುಡಿಯ ದನಿ

ದುಡಿ ತೊಗಲು ಬಿಗಿದ ಚರ್ಮವಾದ್ಯ. ಕಾದಂಬರಿಯಲ್ಲಿ ಅದರ ದನಿಯನ್ನು ಓದುಗನು ಊಹಿಸಿಕೊಳ್ಳಬೇಕು. ಆದ್ದರಿಂದ ಅದು ಬೇಗನೆ ಒಂದು ಸಂಕೇತವಾಗಿಬಿಡುತ್ತದೆ. ಚಿತ್ರದಲ್ಲಿ ದುಡಿ ಮೊದಲು ಒಂದು ವಾದ್ಯ, ಆಮೇಲೆ ಸಂಕೇತ. ರಂಗಸಂಗೀತದಲ್ಲಿ ನಿತ್ಯಬಳಕೆಯ ವಸ್ತುಗಳ ಸದ್ದನ್ನೂ ಸಂಗೀತವಾಗಿಸಿಕೊಂಡಿದ್ದ ಬಿ. ವಿ. ಕಾರಂತರೇ ಇಲ್ಲಿ ನಿರ್ದೇಶಕರೂ ಸಂಗೀತ ನಿರ್ದೇಶಕರೂ ಆಗಿರುವುದು ಆಕಸ್ಮಿಕವೆನಿಸುವುದಿಲ್ಲ. ಕೊನೆಯ ದೃಶ್ಯದಲ್ಲಿ ಕೈ ಸೋಲುವುದನ್ನು ಕಿವಿ ನೇರವಾಗಿ ಕೇಳುತ್ತದೆ.

ಭಾಷೆ

ಚೋಮನ ಮನೆಮಾತು ತುಳುವಾಗಿರಬೇಕು. ತುಳುನಾಡಿನ ದಲಿತ ಕುಟುಂಬಗಳಲ್ಲಿ ಮಗು ಹುಟ್ಟಿದ ವಾರದ ಹೆಸರನ್ನೇ ಇಡುವ ರೂಢಿಯಿತ್ತು. ಚೋಮ ಸೋಮವಾರದವನು, ಗುರುವ ಗುರುವಾರದವನು, ಚನಿಯ ಶನಿವಾರದವನು. ಹೆಸರುಗಳು ತುಳುನಾಡಿನವು, ಆಡುವ ಮಾತು ಕನ್ನಡದ್ದು. ಈ ಅರ್ಥದಲ್ಲಿ ಕಾದಂಬರಿಯೇ ಮೊದಲ ರೂಪಾಂತರ, ಚಿತ್ರ ಎರಡನೆಯದು. ಓದುವಾಗ ಈ ಅಂತರ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಮಾತು ಕಿವಿಗೆ ಬೀಳುವ ಚಿತ್ರದಲ್ಲಿ, ವಿಶೇಷವಾಗಿ ಮಂಗಳೂರಿನ ಕಡೆಯ ಪ್ರೇಕ್ಷಕರಿಗೆ, ಎದ್ದು ಕಾಣುತ್ತದೆ.

ಕಾಲದ ಅಂತರ

ಕಾದಂಬರಿ ಪ್ರಕಟವಾದಾಗ ಜಿಲ್ಲೆಯು ಮದರಾಸು ಪ್ರಾಂತ್ಯದ ಭಾಗವಾಗಿತ್ತು, ಗೇಣಿ ಪದ್ಧತಿ ಗಟ್ಟಿಯಾಗಿತ್ತು. ಹೊಲೆಯನೊಬ್ಬ ಒಕ್ಕಲಾಗಬಹುದೇ ಎಂಬುದು ಆಗಿನ ಪ್ರಶ್ನೆ. ಚಿತ್ರ ಬರುವ ಹೊತ್ತಿಗೆ ಸನ್ನಿವೇಶ ಬೇರೆಯಾಗಿತ್ತು. ದೇವರಾಜ ಅರಸು ಸರಕಾರ ತಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರಕ್ಕೆ ಸೇರಿತು; ಒಕ್ಕಲುಗಳು ಅದರ ಮಾಲಿಕತ್ವಕ್ಕಾಗಿ ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಸಲ್ಲಿಸತೊಡಗಿದರು. ಗೇಣಿದಾರರು ಹೆಚ್ಚಾಗಿದ್ದ ದಕ್ಷಿಣ ಕನ್ನಡದಲ್ಲಿ ಇದರ ಪರಿಣಾಮ ವ್ಯಾಪಕವಾಗಿತ್ತು. ಚಿತ್ರದ ವರ್ಷವಾದ 1975ರ ಅಕ್ಟೋಬರಿನಲ್ಲಿಯೇ ಕೇಂದ್ರ ಸರಕಾರ ಸುಗ್ರೀವಾಜ್ಞೆಯ ಮೂಲಕ ಜೀತಪದ್ಧತಿಯನ್ನು ರದ್ದುಪಡಿಸಿತು.

ಇಲ್ಲಿ ಕಥೆಯ ಒಂದು ಸೂಕ್ಷ್ಮ ಮೊನಚಾಗುತ್ತದೆ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಪ್ರಕಾರ ಗದ್ದೆಯಲ್ಲಿ ನಿಜಕ್ಕೂ ಉಳುತ್ತಿದ್ದವನು ಚೋಮ. ಆದರೆ ಕಾಯಿದೆಯು ಮುಖ್ಯವಾಗಿ ಹಕ್ಕು ಕೊಟ್ಟದ್ದು ಗೇಣಿದಾರನಿಗೆ. ಕೂಲಿಯ ಆಳಾಗಿದ್ದವನ ಬಳಿ ಗೇಣಿಚೀಟಿ ಇರಲಿಲ್ಲ. 1933ರಲ್ಲಿ ಒಕ್ಕಲಾಗಲು ಬಿಡದ ಕಾರಣ, 1974ರ ಕಾನೂನು ಒಕ್ಕಲುಗಳಿಗೆ ಭೂಮಿ ಕೊಟ್ಟಾಗಲೂ ಚೋಮನಂಥವರು ಹೊರಗೇ ಉಳಿಯುವಂತಾಯಿತು. ಚಿತ್ರದಲ್ಲಿ ಈ ಕಾನೂನಿನ ಕಾಲ ಬರುವುದಿಲ್ಲ. ಆದರೂ ಅದರ ಮೊದಲ ಪ್ರೇಕ್ಷಕರು ಈ ಹಿನ್ನೆಲೆಯಲ್ಲಿಯೇ ಅದನ್ನು ನೋಡಿದರು.

ಅಂತ್ಯದ ಪ್ರಶ್ನೆ

ಮತಾಂತರದ ದಾರಿಯಿಂದ ಚೋಮ ಹಿಂದಿರುಗುವ ಪ್ರಸಂಗ ಎರಡೂ ಕೃತಿಗಳಲ್ಲಿ ಹೆಚ್ಚು ಚರ್ಚೆಗೆ ಆಸ್ಪದ ಕೊಡುತ್ತದೆ. ಇದನ್ನು ಚೋಮನ ಆತ್ಮಗೌರವವೆಂದು ಓದಬಹುದು: ಭೂಮಿಗಾಗಿ ದೈವವನ್ನು ಬಿಡಲು ಅವನು ಒಪ್ಪುವುದಿಲ್ಲ. ಬದುಕಿನ ಬಾಗಿಲೊಂದನ್ನು ಲೇಖಕರೇ ಮುಚ್ಚಿದರೆಂದೂ ಓದಬಹುದು. ಕಾದಂಬರಿ ಬಂದ ಎರಡು ವರ್ಷಗಳಲ್ಲಿ, 1935ರಲ್ಲಿ, ಯೆವಲಾದಲ್ಲಿ ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ್ದನ್ನು ನೆನೆದರೆ ಈ ಎರಡನೆಯ ಓದಿಗೆ ಬಲ ಬರುತ್ತದೆ. ಚಿತ್ರ ಬಂದಾಗ ಕರ್ನಾಟಕದಲ್ಲಿ 1973ರ ಬೂಸಾ ಪ್ರಕರಣದ ಬಿಸಿ ಆರಿರಲಿಲ್ಲ, ದಲಿತ ಯುವಕರು ತಮ್ಮದೇ ದನಿಯಲ್ಲಿ ಬರೆಯತೊಡಗಿದ್ದರು. ಒಳಗೆ ಬಾಗಿಲು ಹಾಕಿಕೊಂಡು ಸಾಯುವ ಚೋಮ ಆ ಪೀಳಿಗೆಗೆ ಮಾದರಿಯಾಗಿ ಉಳಿಯುವಂತಿರಲಿಲ್ಲ. ಹಾಗೆಂದು ಗುರುವನನ್ನು ಮರೆಯುವಂತಿಲ್ಲ. ಮತಾಂತರಗೊಂಡು ಬೇರೆ ಬದುಕು ಕಟ್ಟಿಕೊಂಡ ಮಗ ಅದೇ ಕಥೆಯೊಳಗಿದ್ದಾನೆ. ಕಾದಂಬರಿಯಾಗಲಿ ಚಿತ್ರವಾಗಲಿ ಅವನ ಹಿಂದೆ ಹೆಚ್ಚು ದೂರ ಹೋಗುವುದಿಲ್ಲ.

ಶಿವರಾಮ ಕಾರಂತರ ಇತರ ಕೃತಿಗಳು ತೆರೆಯ ಮೇಲೆ

‘ಕುಡಿಯರ ಕೂಸು’ ಕಾದಂಬರಿಯನ್ನು ಶಿವರಾಮ ಕಾರಂತರು ತಾವೇ ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ನಿರ್ದೇಶಿಸಿದರು. ‘ಚಿಗುರಿದ ಕನಸು’ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ, ಶಿವರಾಜಕುಮಾರ್ ನಾಯಕರಾಗಿ, 2003ರಲ್ಲಿ ತೆರೆಕಂಡಿತು. ಸುಬ್ರಹ್ಮಣ್ಯದ ಕಡೆಯ ಮಲೆಸೀಮೆಯಲ್ಲಿ ನಡೆಯುವ ‘ಬೆಟ್ಟದ ಜೀವ’ವನ್ನು (1943) ಪಿ. ಶೇಷಾದ್ರಿಯವರು ಚಿತ್ರವಾಗಿಸಿದರು, ಗೋಪಾಲಯ್ಯನ ಪಾತ್ರವನ್ನು ದತ್ತಣ್ಣ ವಹಿಸಿದ ಈ ಚಿತ್ರ 2010ನೆಯ ಸಾಲಿನಲ್ಲಿ ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಶಿವರಾಮ ಕಾರಂತರಿಗೆ ಜ್ಞಾನಪೀಠ ಪ್ರಶಸ್ತಿ ತಂದ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯನ್ನೂ ಶೇಷಾದ್ರಿಯವರೇ 2019ರಲ್ಲಿ ತೆರೆಗೆ ತಂದರು, ಮೂಕಜ್ಜಿಯಾಗಿ ಬಿ. ಜಯಶ್ರೀ ಅಭಿನಯಿಸಿದರು. ವಸ್ತುಗಳನ್ನು ಮುಟ್ಟಿದೊಡನೆ ಹಿಂದಿನ ಕಾಲವನ್ನು ಕಾಣುವ ಅಜ್ಜಿಯ ಮಾತಿನಲ್ಲೇ ನಡೆಯುವ ಆ ಕಾದಂಬರಿಯು ಚೋಮನ ದುಡಿಗಿಂತ ಚಿತ್ರಕ್ಕೆ ಒಗ್ಗಿಸಲು ಕಠಿನವಾದುದು.